ಅತ್ತಿವೇರಿಯ ಹಕ್ಕಿಗಳೂ ಕಾರವಾರದ ಆಲ್ಬಟ್ರಾಸೂ

ಮುಂಡಗೋಡ ತಾಲೂಕಿನ ಅತ್ತಿವೇರಿ ಎಂದರೆ ಹೊರಗಿನವರಿಗೆ ಪಕ್ಷಿಧಾಮ. ಜಲಾಶಯವೂ ಅದರ ಸುತ್ತಲಿನ ಕಾಡೂ ಸೇರಿ ಸುಮಾರು ಎರಡೂಕಾಲು ಚದರ ಕಿಲೋಮೀಟರ್ ಜಾಗ. ಚಮಚದಂಥ ಕೊಕ್ಕಿನ ಹಕ್ಕಿ, ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಎಲ್ಲವೂ ಅಲ್ಲಿವೆ. ರಜೆಯ ದಿನ ಹುಬ್ಬಳ್ಳಿ ಕಡೆಯಿಂದ ಉದ್ದ ಮೂತಿಯ ಕ್ಯಾಮೆರಾ ಹಿಡಿದವರು ಬೆಳಕು ಹರಿಯುವ ಮೊದಲೇ ಬಂದು ಕೂರುತ್ತಾರೆ. ಈ ಭಾಗದ ಮಕ್ಕಳಿಗೆ ಕೊಕ್ಕರೆ ಹೊಸದಲ್ಲ, ಆ ಕ್ಯಾಮೆರಾಗಳು ಹೊಸವು. ನನ್ನ ಮಗಳಿಗೆ ಫೋಟೋದ ಹುಚ್ಚು ಹತ್ತಿದ್ದು ಅವರನ್ನು ನೋಡಿಯೇ. ಆದರೆ ಅವಳಿಗೆ ಹಕ್ಕಿಗಿಂತ ಹಾರಾಟದ ಮೇಲೆ ಕಣ್ಣು. ರೆಕ್ಕೆ ಎಲ್ಲಿ ಬಾಗುತ್ತದೆ, ಇಳಿಯುವಾಗ ಬಾಲ ಹೇಗೆ ಅಗಲವಾಗುತ್ತದೆ ಎಂದು ಕೇಳುತ್ತ ಕೇಳುತ್ತ ವಿಮಾನಕ್ಕೆ ಬಂದು ನಿಂತಳು. ಈಗ ನಮ್ಮ ಮನೆಯಲ್ಲಿ ರಜೆ ಬಂತೆಂದರೆ ಹಳೆಯ ವಿಮಾನ ಎಲ್ಲಿದೆ ಎಂಬ ಹುಡುಕಾಟ.

“ಹೆಣ್ಣುಮಕ್ಕಳಿಗೆ ವಿಮಾನದ ಉಸಾಬರಿ ಯಾಕೆ ಟೀಚರ್?” ಎಂದು ಕೇಳಿದವರಿದ್ದಾರೆ. ನಾನು ಅವರಿಗೆ 1936ರ ಲಾಹೋರಿನ ಕಥೆ ಹೇಳುತ್ತೇನೆ. ಆ ವರ್ಷ ಸರಳಾ ಠಕ್ರಾಲ್ ಎಂಬ 21 ವರ್ಷದ ಯುವತಿ ಸೀರೆಯುಟ್ಟೇ ಜಿಪ್ಸಿ ಮಾತ್ ಎಂಬ ಪುಟ್ಟ ವಿಮಾನವನ್ನು ಒಬ್ಬಳೇ ಹಾರಿಸಿದಳು. ಅದೇ ವರ್ಷ, ಅದೇ ಊರಿನಲ್ಲಿ ಪೈಲಟ್ ಲೈಸನ್ಸ್ ಪಡೆದ ಇನ್ನೊಬ್ಬರು ಹೈದರಾಬಾದಿನಲ್ಲಿ ಹುಟ್ಟಿದ ಉರ್ದು ಕಥೆಗಾರ್ತಿ ಹಿಜಾಬ್ ಇಮ್ತಿಯಾಝ್ ಅಲಿ. ನಮ್ಮ ಮನೆಗಳಲ್ಲಿ ಅವರ ಕಥೆ ಓದಿದ ಅಜ್ಜಿಯರಿದ್ದಾರೆ. ಆಕೆ ವಿಮಾನ ಹಾರಿಸುತ್ತಿದ್ದರೆಂಬುದು ಮಾತ್ರ ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ!

ನಮಗೆ ಅತ್ಯಂತ ಸಮೀಪದ ಹಳೆಯ ವಿಮಾನವೆಂದರೆ ಕಾರವಾರದ್ದು. ಮುಂಡಗೋಡದಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಕಡಲ ಬದಿಯಲ್ಲೇ ಕಾರವಾರ. ಘಟ್ಟದಲ್ಲಿ ಲಾರಿಗಳ ಸಾಲು ಸಿಕ್ಕರೆ ಅರ್ಧ ದಿನ ಅಲ್ಲೇ ಕಳೆಯುತ್ತದೆ. ಬುತ್ತಿ ಕಟ್ಟಿಕೊಂಡು ಹೋಗುವುದೇ ಒಳ್ಳೆಯದು. ರವೀಂದ್ರನಾಥ ಠಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆ ಮೊದಲಿನಿಂದಲೂ ಇತ್ತು. ಅದರ ಪಕ್ಕಕ್ಕೆ ಈಗ ಟುಪೊಲೆವ್ 142 ಬಂದು ನಿಂತಿದೆ. ರಷ್ಯಾ ತಯಾರಿಕೆ. ಉದ್ದ 53 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 50 ಮೀಟರ್. ಫೋಟೋದಲ್ಲಿ ನೋಡಿದವರಿಗೆ ಈ ಗಾತ್ರ ತಿಳಿಯುವುದಿಲ್ಲ. ಕೆಳಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿದರೇ ತಿಳಿಯುವುದು. ಆ ಕೆಲಸಕ್ಕೆ ನಮ್ಮ ಯಜಮಾನರಿದ್ದಾರೆ.

ನೌಕಾಪಡೆ ಇಂಥ ಎಂಟು ವಿಮಾನಗಳನ್ನು 1988ರಲ್ಲಿ ಸೇವೆಗೆ ತಂದುಕೊಂಡಿತು. ಮೊದಲು ಗೋವಾದಲ್ಲಿದ್ದವು, 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಹೋದವು. ಇವುಗಳ ದಳಕ್ಕೆ ಇಟ್ಟ ಹೆಸರು ಆಲ್ಬಟ್ರಾಸ್. ವಾರಗಟ್ಟಲೆ ನೆಲ ಕಾಣದೆ ಸಮುದ್ರದ ಮೇಲೇ ತೇಲುತ್ತ ಹಾರುವ ದೊಡ್ಡ ರೆಕ್ಕೆಯ ಹಕ್ಕಿ ಅದು. ಹಕ್ಕಿಗಳ ಊರಿನಿಂದ ಬಂದವರಿಗೆ ಈ ಹೆಸರು ಕೇಳಿ ಖುಷಿಯಾಗದಿರುತ್ತದೆಯೇ? ವಿಮಾನದ ಕೆಲಸವೂ ಹಾಗೆಯೇ ಇತ್ತು. ಗಂಟೆಗಟ್ಟಲೆ ಸಾಗರದ ಮೇಲೆ ಸುತ್ತುವುದು, ನೀರಿನ ಸದ್ದು ಆಲಿಸುವ ತೇಲುಯಂತ್ರಗಳನ್ನು ಕೆಳಗೆ ಬೀಳಿಸುವುದು, ಆಳದಲ್ಲಿ ಅಡಗಿದ ಜಲಾಂತರ್ಗಾಮಿಯನ್ನು ಪತ್ತೆ ಹಚ್ಚುವುದು. ಬಂದ ವರ್ಷವೇ, ನವೆಂಬರಿನಲ್ಲಿ ಮಾಲ್ದೀವ್ಸ್ ಸರಕಾರವನ್ನು ಉರುಳಿಸಲು ದಂಗೆಕೋರರು ಯತ್ನಿಸಿದಾಗ ಭಾರತದ ಕಾರ್ಯಾಚರಣೆಯಲ್ಲಿ ಇವೂ ಪಾಲ್ಗೊಂಡವು. 2017ರ ಮಾರ್ಚ್ 29ರಂದು ಅರಕ್ಕೋಣಂನಲ್ಲಿ ನಿವೃತ್ತಿ. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ವಿಶಾಖಪಟ್ಟಣದ ಕಡಲತೀರದಲ್ಲಿ ಮ್ಯೂಸಿಯಂ ಆಯಿತು. ಕಾರವಾರದ್ದನ್ನು ಬಿಡಿಬಿಡಿಯಾಗಿ ಬಿಚ್ಚಿ ರಸ್ತೆಯಲ್ಲಿ ತಂದು ಮತ್ತೆ ಜೋಡಿಸಿದರು.

ಇದರ ಪಂಖಗಳ ಬಗ್ಗೆ ಹೇಳದಿದ್ದರೆ ಮಗಳು ನನ್ನನ್ನು ಬಿಡುವುದಿಲ್ಲ. ನಾಲ್ಕು ಎಂಜಿನ್, ಒಂದೊಂದಕ್ಕೂ ಒಂದರ ಹಿಂದೆ ಒಂದರಂತೆ ಎರಡು ಪಂಖ. ಮುಂದಿನದು ಒಂದು ಕಡೆಗೆ ತಿರುಗಿದರೆ ಹಿಂದಿನದು ಅದಕ್ಕೆ ವಿರುದ್ಧ. ಮುಂದಿನ ಪಂಖ ಗಾಳಿಯನ್ನು ಸುಳಿಯಂತೆ ತಿರುಚಿ ಹಿಂದಕ್ಕೆ ತಳ್ಳುತ್ತದೆ. ಆ ಸುಳಿಯಲ್ಲಿ ವ್ಯರ್ಥವಾಗುವ ಬಲವನ್ನು ಹಿಂದಿನ ಪಂಖ ಹಿಡಿದು ನೇರ ಮಾಡಿ ಕೆಲಸಕ್ಕೆ ಹಚ್ಚುತ್ತದೆ. ಹೀಗೆ ಒಟ್ಟು 32 ಅಲಗುಗಳು. ಜೆಟ್ ಅಲ್ಲದಿದ್ದರೂ ಗಂಟೆಗೆ 900 ಕಿಲೋಮೀಟರ್ ಆಸುಪಾಸಿನ ವೇಗ ಇದಕ್ಕಿತ್ತು. ಪಂಖಗಳ ಫೋಟೋವನ್ನು ಎದುರಿನಿಂದ ತೆಗೆದರೆ ಎಂಟು ಅಲಗಿನ ಒಂದೇ ಹೂವಿನಂತೆ ಕಾಣುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿದರೆ ಮಾತ್ರ ಎರಡು ಸಾಲು ಬೇರೆಬೇರೆಯಾಗಿ ತೋರುತ್ತವೆ.

ಬುರ್ಖಾದಲ್ಲಿರುವ ಹೆಂಗಸು ಯುದ್ಧವಿಮಾನದ ಮುಂದೆ ಮೊಣಕಾಲೂರಿ ಚಕ್ರದ ಫೋಟೋ ತೆಗೆಯುತ್ತಿದ್ದರೆ ನಾಲ್ಕು ಕಣ್ಣು ಹೆಚ್ಚಾಗಿಯೇ ತಿರುಗುತ್ತವೆ. ಇದನ್ನು ಮುಚ್ಚಿಡುವುದೇಕೆ? ಒಂದೆಡೆ ಕಾವಲುಗಾರನೊಬ್ಬ ಬಂದು, “ಯಾಕಮ್ಮಾ ಇಷ್ಟೊಂದು ಫೋಟೋ?” ಎಂದ. ಮಗಳು ಪಂಖದ ವಿಷಯ ಹೇಳಲು ಶುರುಮಾಡಿದಳು. ಹತ್ತು ನಿಮಿಷದ ನಂತರ ಅವನೇ ಇನ್ನಿಬ್ಬರು ಪ್ರವಾಸಿಗರಿಗೆ ಅದನ್ನು ವಿವರಿಸುತ್ತಿದ್ದ. ಗೇಟಿನಲ್ಲೇ ಕೇಳಿ, ಟಿಕೆಟ್ ಪಡೆದು, ಕ್ಯಾಮೆರಾಕ್ಕೆ ಬೇರೆ ಶುಲ್ಕವಿದ್ದರೆ ಅದನ್ನೂ ಕೊಟ್ಟು ರಶೀದಿ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಮ್ಯೂಸಿಯಂ ಬೇರೆ, ಸೇನಾ ವಿಮಾನನಿಲ್ದಾಣ ಬೇರೆ. ಎರಡನೆಯ ಕಡೆ ಫೋಟೋ ನಿಷಿದ್ಧ. ಅಲ್ಲಿ ಮೊಬೈಲನ್ನು ಚೀಲದಿಂದ ಹೊರತೆಗೆಯದಂತೆ ಮಕ್ಕಳಿಗೆ ಮೊದಲೇ ಹೇಳಿಡಬೇಕು.

ಇನ್ನೊಂದು ಮಾತೂ ಇದೆ. ಇದೇ ಕಾರವಾರದ ಪಕ್ಕದಲ್ಲಿ ಸೀಬರ್ಡ್ ನೌಕಾನೆಲೆ ಬಂತು. ಅದಕ್ಕೂ ಹಕ್ಕಿಯದೇ ಹೆಸರು. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆ, ತೆಂಗಿನ ತೋಟ, ದೋಣಿ ಎಳೆಯುವ ಮರಳು ಬಿಟ್ಟು ಎದ್ದವು. ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದವು. ವಿಮಾನದ ಕೆಳಗೆ ನಿಂತು ಹೆಮ್ಮೆಪಡುವ ಮಗಳಿಗೆ ಇದನ್ನೂ ಹೇಳಿದೆ. ಅವಳು ಆ ಊರುಗಳ ಫೋಟೋ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ವಿಮಾನಕ್ಕೆ ಮ್ಯೂಸಿಯಂ ಇದೆ, ಆ ಊರುಗಳಿಗೂ ಒಂದು ಗೋಡೆಯನ್ನಾದರೂ ಅಲ್ಲಿ ಕೊಡಬಹುದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಕಾರವಾರದಿಂದ ಗಡಿ ದಾಟಿದರೆ ಗೋವಾದ ದಾಬೋಲಿಂ ಬಳಿ, ಬೊಗ್ಮಾಲೊ ರಸ್ತೆಯಲ್ಲಿ ನೌಕಾ ವಾಯುಯಾನ ಮ್ಯೂಸಿಯಂ ಇದೆ. 1998ರಲ್ಲಿ ತೆರೆದದ್ದು. ಬಯಲಿನಲ್ಲೇ ನಿಂತ ಸೀ ಹಾಕ್, ಅಲಿಝೆ ವಿಮಾನಗಳು ವಿಕ್ರಾಂತ್ ನೌಕೆಯಿಂದ ಹಾರುತ್ತಿದ್ದವು. ಆ ವಿಕ್ರಾಂತ್ ಮುಂಬಯಿಯಲ್ಲಿ ಕೆಲವು ವರ್ಷ ಮ್ಯೂಸಿಯಂ ಆಗಿತ್ತು. ಕೊನೆಗೆ ಹರಾಜಾಗಿ 2014ರಲ್ಲಿ ಗುಜರಿಗೆ ಹೋಯಿತು. ಅಷ್ಟು ದೊಡ್ಡ ಹಡಗು ಇವತ್ತು ಫೋಟೋಗಳಲ್ಲೇ ಹೆಚ್ಚಾಗಿ ಉಳಿದಿದೆ.

ಅಲ್ಲಿ ನನ್ನ ಮನಸ್ಸು ಸೆಳೆದದ್ದು ಸೂಪರ್ ಕಾನ್‌ಸ್ಟೆಲೇಶನ್. ಡಾಲ್ಫಿನ್ ಮೀನಿನಂತೆ ಬಾಗಿದ ಮೈ, ಮೂರು ಬಾಲ. ಏರ್ ಇಂಡಿಯಾದಲ್ಲಿದ್ದಾಗ ಇದರ ಹೆಸರು ‘ರಾಣಿ ಆಫ್ ಎಲ್ಲೋರಾ’. ಜೆಟ್‌ಗಳು ಬಂದ ಮೇಲೆ ರಾಣಿಗೆ ಕೆಲಸ ಹೋಯಿತು. ಮೊದಲು ವಾಯುಪಡೆಗೆ, 1976ರಲ್ಲಿ ನೌಕಾಪಡೆಗೆ ಬಂದು ಸಮುದ್ರ ಕಾಯುತ್ತ ಮುದುಕಿಯಾದಳು. ಉಪ್ಪುಗಾಳಿ ಅಲ್ಯೂಮಿನಿಯಂ ಹಾಳೆಯನ್ನು ಒಳಗಿಂದ ತಿನ್ನುತ್ತದೆ. ಮೇಲೆ ಬಣ್ಣ ಬಳಿದರೂ ರಿವೆಟ್ಟುಗಳ ಸುತ್ತ ಬಿಳಿ ಪುಡಿ ಏಳುತ್ತದೆ. ಮಗಳು ಪ್ರತಿ ಸಲ ಅದೇ ಮೂರು ಜಾಗದ ಫೋಟೋ ತೆಗೆದು ದಿನಾಂಕ ಬರೆದಿಡುತ್ತಾಳೆ. ಚಂದದ ಫೋಟೋಗಳಲ್ಲ ಅವು. ನನಗೆ ಮಾತ್ರ ಅವೇ ಬೆಲೆಯುಳ್ಳವೆನಿಸುತ್ತವೆ.

ಫೋಟೋ ತೆಗೆಯುವವರಿಗೆ ಎರಡು ಮಾತು. ನಿಂತ ವಿಮಾನಕ್ಕೆ ಮೋಡದ ದಿನವೇ ಒಳ್ಳೆಯದು, ಬಿಸಿಲಿನಲ್ಲಿ ಲೋಹ ಕಣ್ಣು ಕುಕ್ಕುತ್ತದೆ. ಮೊಬೈಲಿನವರು ತೀರ ಹತ್ತಿರ ನಿಂತರೆ ಮೂಗು ಬದನೆಕಾಯಿಯಂತೆ ಉಬ್ಬುತ್ತದೆ, ದೂರ ಸರಿಯಿರಿ. ಹಾರುವ ವಿಮಾನದ್ದು ಬೇರೆ ಲೆಕ್ಕ. ಮಿಂಚುಳ್ಳಿಗೆ ಬೇಕಾದ ವೇಗದಲ್ಲೇ ಪಂಖದ ವಿಮಾನವನ್ನು ಹಿಡಿದರೆ ಪಂಖ ತಿರುಗದೆ ನಿಂತಂತೆ ಕಾಣುತ್ತದೆ, ವಿಮಾನ ಆಕಾಶದಲ್ಲಿ ಮೊಳೆ ಹೊಡೆದಂತಿರುತ್ತದೆ. ಶಟರನ್ನು ಸೆಕೆಂಡಿನ 250ನೇ ಒಂದು ಭಾಗಕ್ಕೋ ಅದಕ್ಕಿಂತ ನಿಧಾನಕ್ಕೋ ಇಳಿಸಿ, ವಿಮಾನದ ಜೊತೆಗೇ ಕ್ಯಾಮೆರಾ ತಿರುಗಿಸಬೇಕು. ಹತ್ತರಲ್ಲಿ ಎಂಟು ಕೆಡುತ್ತವೆ. ಅತ್ತಿವೇರಿಯ ಕೊಕ್ಕರೆಗಳ ಮೇಲೆ ಇದನ್ನು ಪುಕ್ಕಟೆಯಾಗಿ ಅಭ್ಯಾಸ ಮಾಡಬಹುದು.

ಹಾರುವುದನ್ನು ನೋಡಲು ಬೆಂಗಳೂರಿನ ಯಲಹಂಕವೇ ಆಗಬೇಕು. 1996ರಿಂದ ಅಲ್ಲಿ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತ ಬಂದಿದೆ. 2019ರಲ್ಲಿ ಅಲ್ಲಿಗೆ ‘ಪರಶುರಾಮ’ ಎಂಬ ಹಳೆಯ ಡಕೋಟಾ ಬಂದಿತ್ತು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಡಕೋಟಾದ ಸಂಖ್ಯೆಯನ್ನು ಇದಕ್ಕೆ ಕೊಟ್ಟಿದ್ದಾರೆ. ಹಾಗಾಗಿ ಮೈಮೇಲಿನ ಸಂಖ್ಯೆ ನೋಡಿ ಅದೇ ವಿಮಾನವೆಂದು ಬರೆದುಕೊಳ್ಳುವ ಮೊದಲು ವಿಚಾರಿಸಬೇಕು.

ಅಷ್ಟು ಜನಜಂಗುಳಿ ಬೇಡವೆನ್ನುವವರು ಅದೇ ಊರಿನಲ್ಲಿ, 2001ರಲ್ಲಿ ತೆರೆದ ಎಚ್‌ಎಎಲ್ ಮ್ಯೂಸಿಯಂಗೆ ಹೋಗಬಹುದು. ಅಲ್ಲಿ ಮಾರುತ ಇದೆ. ಜರ್ಮನಿಯ ಕರ್ಟ್ ಟ್ಯಾಂಕ್ ಮಾರ್ಗದರ್ಶನದಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಜೆಟ್ ಅದು. ಇನ್ನೊಂದು ಮಾರುತ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ನಿಂತಿದೆ. ಬರುವ ಬೇಸಿಗೆ ರಜೆಗೆ ಶಾಲೆಯ ಹನ್ನೊಂದು ಹುಡುಗಿಯರು ಹೆಸರು ಕೊಟ್ಟಿದ್ದಾರೆ. ಮೂವರ ಮನೆಯಿಂದ ಇನ್ನೂ ಒಪ್ಪಿಗೆ ಬಂದಿಲ್ಲ. ಮುಂದಿನ ಶುಕ್ರವಾರ ಅಸರ್ ನಮಾಝಿನ ನಂತರ ಅವರ ತಾಯಂದಿರನ್ನು ನೋಡಲು ಹೋಗಬೇಕು, ಮಗಳು ತೆಗೆದ ಪಂಖದ ಫೋಟೋ ಹಿಡಿದುಕೊಂಡು.