ಪ್ಲಗ್ ಹಾಳಾಗಿಲ್ಲ ಸ್ವಾಮಿ, ಕೊಳೆಯಾಗಿದೆ!

ಆಸ್ಟಿನ್ ಹತ್ತಿರದ ಲೇಕ್ ಟ್ರಾವಿಸ್ ದಂಡೆಯಲ್ಲಿದ್ದೀನಿ. ಗೆಳೆಯರ ಜೆಟ್ ಬೋಟಿನ ಹಿಂಭಾಗದಲ್ಲಿ, ಪಂಪಿಗೆ ಸಿಕ್ಕಿದ ಜೊಂಡು, ಹಗ್ಗ ಎಳೆದು ತೆಗೆಯೋಕೆ ಒಂದು ಕ್ಲೀನ್-ಔಟ್ ಕಿಂಡಿ ಇದೆ. ಅದರ ಪ್ಲಗ್ ಸುತ್ತ ನೀರು ಜಿನುಗ್ತಿತ್ತು. "ಹೊಸ ಪ್ಲಗ್ಗೇ ತರಿಸ್ಬೇಕು" ಅಂತ ಅವರ ತೀರ್ಮಾನ.

ಎಂಜಿನ್ ನಿಲ್ಲಿಸಿ, ಕೀ ತೆಗೆದು, ಬಿಚ್ಚಿ ನೋಡಿದ್ರೆ ರಬ್ಬರ್ ಸೀಲಿನ ಮೇಲೆ ಬರೀ ಮರಳು! ಕುಕ್ಕರ್ ಗ್ಯಾಸ್ಕೆಟ್‌ಗೆ ಅನ್ನದ ಅಗುಳು ಅಂಟಿದ್ರೆ ಹಬೆ ಸೋರಲ್ವಾ, ಹಾಗೇ. ಸೀಲು, ಅದು ಕೂರೋ ಜಾಗ ಎರಡನ್ನೂ ಒರೆಸಿ, ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ, ನೆಟ್ಟಗೆ ಕೂರಿಸಿ ಲಾಕ್ ಮಾಡಿದ್ವಿ. ಸೋರಿಕೆ ಬಂದ್.

ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಜೆಟ್ ಬೋಟು ರೂಪಿಸಿದ್ದೇ ಆಳವಿಲ್ಲದ ನದಿಗಳಿಗಾಗಿ. ಅಂಥ ಕಡೆ ಓಡಿಸಿದ್ರೆ ಪಂಪು ನೀರಿನ ಜೊತೆ ಮರಳನ್ನೂ ಎಳೆಯುತ್ತೆ. ವೇಗ ಹೆಚ್ಚಿದಾಗ ನೀರು ಕೆಳಗಿಂದ ಪ್ಲಗ್ಗನ್ನು ಒತ್ತುತ್ತೆ, ಸೀಲಿನಲ್ಲಿ ಕೂದಲೆಳೆಯಷ್ಟು ಸಂದಿದ್ರೂ ಸಾಕು.

ರಬ್ಬರ್ ಬಿರುಕು ಬಿಟ್ಟಿದ್ರೆ, ಗಟ್ಟಿಯಾಗಿದ್ರೆ ಬದಲಾಯಿಸ್ಲೇಬೇಕು, ಸರಿ. ಆದ್ರೆ ಮೊದಲು ಬಟ್ಟೆ, ಆಮೇಲೆ ಪರ್ಸ್ ತೆಗೀರಿ ಅಂತೀನಿ. ಬೋಟು ಇಟ್ಟಿರೋರು ಏನಂತೀರಿ?