ಚೀಟಿ ಬಟ್ಟೆಯ ಮೋಹ

ಅಚ್ಚು ಅನ್ನುವ ಮಾತು ನಮ್ಮದು ಎಂದು ಹೇಳಿಕೊಳ್ಳುವಾಗ ನನಗೆ ಒಂದು ಬಗೆಯ ಹೆಮ್ಮೆ. ತಮಿಳು, ತೆಲುಗು, ಮಲಯಾಳಗಳಲ್ಲೂ ಅದೇ ಮಾತಿದೆ, ಹಾಗಾಗಿ ‘ನಮ್ಮದು’ ಅನ್ನುವುದೂ ಪೂರ್ತಿ ಸರಿಯಲ್ಲ. ಆದರೂ ಅಚ್ಚುಬೆಲ್ಲ, ಸಕ್ಕರೆ ಅಚ್ಚು, ಅಚ್ಚುಕೂಟ ಎಂದು ಹೇಳುತ್ತ ಬಂದು, ಮರದಲ್ಲಿ ಕೆತ್ತಿ ಬಟ್ಟೆಗೆ ಒತ್ತುವುದೂ ಅಚ್ಚೇ ಎನ್ನುವಾಗ ಏನನ್ನೋ ಗೆದ್ದಂತಾಗುತ್ತದೆ. ಯಾರನ್ನು ಗೆದ್ದೆನೋ.

ಒತ್ತಿದ ಬಟ್ಟೆಗೆ ಮಾತ್ರ ಚೀಟಿ ಎಂಬ ಹೆಸರು ಬಡಗಿನಿಂದ ಬಂತು. ಹಿಂದಿಯ ಛೀಂಟ್ ಅಂದರೆ ಚಿಮುಕಿದ ಹನಿ, ಚುಕ್ಕೆ. ಇಂಗ್ಲಿಷರ ಚಿಂಟ್ಸ್ ಕೂಡ ಅದೇ. ತಮ್ಮ ಉಣ್ಣೆ, ರೇಷ್ಮೆ ನೇಕಾರರ ಕೂಗಿಗೆ ಮಣಿದು ಫ್ರಾನ್ಸ್ 1686ರಲ್ಲಿ, ಇಂಗ್ಲೆಂಡ್ 1700ರಲ್ಲೂ 1721ರಲ್ಲೂ ಈ ಬಟ್ಟೆಯನ್ನು ತಡೆಯಲು ಕಾಯಿದೆ ಮಾಡಿದವು. 1687ರಲ್ಲಿ ತುಮಕೂರು ಜಿಲ್ಲೆಯ ನಮ್ಮ ಶಿರಾ ಮೊಗಲರ ಸುಬೆಗೆ ರಾಜಧಾನಿಯಾಯಿತು. ಈ ಇಸವಿಗಳನ್ನು ಒಂದರ ಪಕ್ಕ ಒಂದು ಇಡುವ ಆಸೆಯನ್ನು ತಡೆಯಲಾರೆ. ಇಟ್ಟ ಕೂಡಲೇ ಶಿರಾದ ಬಟ್ಟೆಯೇ ಹಡಗು ಹತ್ತಿತೇನೋ ಅನ್ನಿಸಿಬಿಡುತ್ತದೆ. ಹಾಗೆಂದು ಯಾರೂ ಹೇಳಿಲ್ಲ, ಅನ್ನಿಸಲಿ ಎಂದು ಬಯಸುವವನು ನಾನು.

ಶಿರಾ ತಾಲ್ಲೂಕಿನ ಮದಲೂರಿನವನು ಎಂದರೆ ಹೊರಗಿನವರು ಕೇಳುವುದು ಕೆರೆಯನ್ನು: ಹೇಮಾವತಿ ನೀರು ಬಂತಾ, ತುಂಬ್ತಾ? ಪ್ರತಿಸಲ ನೀರಿಲ್ಲದ ಊರಿನವನಾಗಿ ನಿಲ್ಲುವುದು ಒಳಗೆಲ್ಲೋ ಚುಚ್ಚುತ್ತಿದ್ದಿರಬೇಕು. ಅದಕ್ಕೇ ಇರಬೇಕು, ಶಿರಾದಲ್ಲಿ ಚೀಟಿ ಒತ್ತುವ ಕಸುಬು ಹಿಂದೆ ಚೆನ್ನಾಗಿ ನಡೆದು ಆಮೇಲೆ ಕುಂದಿತು ಎಂದು ಹಳೆಯ ಗ್ಯಾಸೆಟಿಯರ್ ಹೇಳುವುದನ್ನು ಓದಿ ಹಿಗ್ಗಿಬಿಟ್ಟೆ. ಹಿಗ್ಗಿದ್ದು ಮಾತಿನ ಮೊದಲರ್ಧಕ್ಕೆ. ‘ಕುಂದಿತು’ ಅನ್ನುವಲ್ಲಿ ಕಣ್ಣು ನಿಲ್ಲಲಿಲ್ಲ.

ಚೀಟಿ ಒತ್ತಲು ಬಟ್ಟೆಯನ್ನು ಅಳಲೆಕಾಯಿ ನೀರಲ್ಲಿ ಅದ್ದಬೇಕು. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಲ್ಲಿ ದಿನಗಟ್ಟಲೆ ಹುಳಿ ಬರಿಸಿ ಕಪ್ಪು ತೆಗೆಯಬೇಕು. ಪಟಿಕ ಒತ್ತಿದ ಕಡೆಯಷ್ಟೇ ಕೆಂಪು ಹಿಡಿಯುವಂತೆ ಬೇರಿನ ಬಣ್ಣದಲ್ಲಿ ಕುದಿಸಿ, ಒಗೆದು, ಒಣಗಿಸಿ, ಮತ್ತೆ ಒಗೆಯಬೇಕು. ಇಷ್ಟು ನೀರು ಬೇಡುವ ಕಸುಬನ್ನು ನಮ್ಮಂಥ ಸೀಮೆಯಲ್ಲಿ ಹಿಡಿದು ನಡೆಸಿದವರು, ಅಚ್ಚನ್ನು ಕೆಳಗಿಟ್ಟ ಮೇಲೆ ಹೊಟ್ಟೆಗೇನು ಮಾಡಿದರು? ನಾನು ಬೆನ್ನುಹತ್ತಿದ್ದು ಮಾತಿನ ಬೇರನ್ನು. ಅಚ್ಚು ಒತ್ತಿದವರ ಮನೆಗಳು ಬಹಳ ತಡವಾಗಿ ನೆನಪಾದವು, ಅದೂ ಬರೆಯಲು ಕೂತಾಗ.

ಶಿರಾದ ಹಳೆಯ ಕಸುಬುಗಳಲ್ಲಿ ಕಂಬಳಿಯೂ ಒಂದು. ಕಂಬಳಿ ನೇಯುವವರು ನಮ್ಮ ಸೀಮೆಯಲ್ಲಿ ಈಗಲೂ ಇದ್ದಾರೆ. ಅವರ ಬಗ್ಗೆ ನಾನು ಒಂದು ಸಾಲೂ ಬರೆದಿಲ್ಲ. ಕಂಬಳಿಗೆ ಹೆದರಿ ಯಾವ ದೊರೆಯೂ ಕಾಯಿದೆ ಮಾಡಲಿಲ್ಲ, ಅದಕ್ಕೇ ಇರಬಹುದು. ಅಥವಾ, ಇರುವವರ ಬಗ್ಗೆ ಬರೆದರೆ ನಾಳೆ ಸಂತೆಯಲ್ಲಿ ಎದುರು ಸಿಕ್ಕಿ, ‘ಒಂದು ಕಂಬಳಿ ತಗಳಣ್ಣ’ ಎಂದಾರು ಎಂಬ ಅಂಜಿಕೆಯೂ ಇರಬಹುದು.