ಶಾಸಕರಿಗೆ ಬರೆಯುವ ಕಾಗದ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ತಮ್ಮೂರಿನ ಕೆರೆಯನ್ನೋ ಸಾಲುಮರಗಳನ್ನೋ ಉಳಿಸಬೇಕೆಂದು ಶಾಸಕರಿಗೆ ಅರ್ಜಿ ಬರೆದು, ತಿದ್ದಿಕೊಡಿರೆಂದು ನನಗೆ ಕಳುಹಿಸುವುದುಂಟು. ವ್ಯಾಕರಣದ ತಪ್ಪು ಅವುಗಳಲ್ಲಿ ವಿರಳ. ಇದು ನನಗೆ ಸಂತೋಷವೇ. ಆದರೆ ಎರಡು ಪುಟ ಓದಿದ ಮೇಲೂ ಬರೆದವಳು ಏನನ್ನು ಬೇಡುತ್ತಾಳೆಂಬುದು ತಿಳಿಯದು. ಪ್ರಕೃತಿಮಾತೆಯ ಸ್ತುತಿಯುಂಟು, ಕಾಲದ ನಿಂದೆಯುಂಟು, ಬೇಡಿಕೆ ಮಾತ್ರ ಇಲ್ಲ.

ಪ್ರಿಯ ಸೋದರಿಯರೇ, ಯಾವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಿರಿ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಮರ ಕಡಿಯಲು ಅನುಮತಿ ಕೊಡತಕ್ಕವರು ವೃಕ್ಷಾಧಿಕಾರಿಗಳು. ರಸ್ತೆಯೇ ಮೊದಲಾದ ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದರೆ ಅವರು ಜನರ ಆಕ್ಷೇಪಣೆಗಳನ್ನು ಕರೆಯಬೇಕು. ಆದುದರಿಂದ ಆಕ್ಷೇಪಣೆ ಅವರಿಗೇ ಸಲ್ಲತಕ್ಕದ್ದು, ಅದೂ ಗಡುವಿನೊಳಗೆ. ಹಾಗಾದರೆ ಶಾಸಕರಿಗೆ ಬರೆಯುವುದೇತಕ್ಕೆ? ಅನುಮತಿ ಕೊಡುವುದು ಅವರ ಕೆಲಸವಲ್ಲ, ನಿಜ. ಆದರೆ ಅವರು ಇಲಾಖೆಯಿಂದ ವಿವರಣೆ ಕೇಳಬಲ್ಲರು, ವಿಧಾನಸಭೆಯಲ್ಲಿ ಪ್ರಶ್ನೆ ಹಾಕಿ ಮಂತ್ರಿಗಳಿಂದ ಉತ್ತರ ಪಡೆಯಬಲ್ಲರು. ಅವರಿಂದ ಆಗತಕ್ಕುದನ್ನೇ ಕೇಳಬೇಕು.

ಲೆಕ್ಕವಿಲ್ಲದ ಅರ್ಜಿಗೆ ಬಲವಿಲ್ಲ. ಕೇರಳದ ಸೈಲೆಂಟ್ ವ್ಯಾಲಿಯ ಕಾಡಿನಲ್ಲಿ ಅಣೆಕಟ್ಟು ಕಟ್ಟಹೊರಟಾಗ ಅಲ್ಲಿಯ ಶಾಸ್ತ್ರ ಸಾಹಿತ್ಯ ಪರಿಷತ್ತು ಕಾಡಿನ ಗುಣಗಾನಕ್ಕೆ ನಿಲ್ಲದೆ, ವಿದ್ಯುತ್ತಿನ ಲೆಕ್ಕವನ್ನೂ ಸರಕಾರದ ಮುಂದಿಟ್ಟಿತು. ಆ ಪರಿಷತ್ತಿನಲ್ಲಿ ಉಪಾಧ್ಯಾಯರು ಬಹಳ ಮಂದಿ ಇದ್ದರೆಂಬುದನ್ನು ನಾನು ತುಸು ಹೆಮ್ಮೆಯಿಂದಲೇ ಹೇಳುತ್ತೇನೆ. ಯೋಜನೆ ಕೈಬಿಟ್ಟು, 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು.

ನಮ್ಮ ಶಾಲೆಯೆದುರಿನ ರಸ್ತೆಯನ್ನು ಅಗಲಿಸುವ ಸಂಗತಿ ಪೋಷಕರಲ್ಲಿ ಕೆಲವರಿಗೆ ತಿಳಿದೇ ಇದೆ. ಕಡಿಯತಕ್ಕ ಮರಗಳು 48 ಎಂದು ಪಟ್ಟಿಯಲ್ಲಿತ್ತು. ಒಂಬತ್ತನೆಯ ತರಗತಿಯ ಹುಡುಗಿಯರು ಗುರುತು ಬಿದ್ದ ಮರಗಳನ್ನು ಎರಡು ಸಾರಿ ಎಣಿಸಿದರು. ಎರಡು ಸಾರಿಯೂ 63 ಆಯಿತು. ವೃಕ್ಷಾಧಿಕಾರಿಗಳಿಗೆ ಆಕ್ಷೇಪಣೆ ಸಲ್ಲಿಸಿ, ಮುದ್ರೆ ಬಿದ್ದ ಪ್ರತಿಯೊಂದನ್ನು ಇಟ್ಟುಕೊಂಡೆವು. ಶಾಸಕರಿಗೆ ಬರೆದ ಕಾಗದ ಒಂದೇ ಪುಟದ್ದು. ಸ್ಥಳ, ಎಣಿಕೆ, ಕೆಲಸ ತೊಡಗುವ ದಿನ, ಕೊನೆಯಲ್ಲಿ ಒಂದೇ ಬೇಡಿಕೆ: ಜನರ ಸಮಕ್ಷಮದಲ್ಲಿ ಮರಗಳನ್ನು ಇನ್ನೊಮ್ಮೆ ಎಣಿಸುವಂತೆ ಇಲಾಖೆಗೆ ತಿಳಿಸಬೇಕು. ಒಬ್ಬನೇ ಬರೆದುದಕ್ಕೆ ನೂರು ಜನ ಸಹಿ ಹಾಕುವ ಬದಲು, ಆ ರಸ್ತೆಯ ತಾಯಂದಿರು ತಮ್ಮ ತಮ್ಮ ಮಾತಿನಲ್ಲಿಯೇ ಬರೆದರು. ಅವರ ಕಾಗದಗಳನ್ನು ನಾನು ತಿದ್ದಲಿಲ್ಲ.

ಮರುಎಣಿಕೆಯಾಯಿತು, ಆಕ್ಷೇಪಣೆಗಳ ವಿಚಾರಣೆಯಾಯಿತು, ರಸ್ತೆ ಕೆಲವು ಅಡಿ ಆಚೆಗೆ ಸರಿಯಿತು. 40 ಮರಗಳು ಉಳಿದುವು, 23 ಬಿದ್ದುವು. ಶಾಸಕರಿಗೆ ವಂದನೆಯ ಕಾಗದ ಬರೆದು, ಬಿದ್ದುವಕ್ಕೆ ಬದಲಾಗಿ ಸಸಿಗಳು ಯಾವಾಗ ಬರುವುವೆಂದು ಕೇಳಿದ್ದೇವೆ. ಉತ್ತರ ಬಂದಿಲ್ಲ; ಎರಡನೆಯ ಕಾಗದವನ್ನು ಈಗ ಎಂಟನೆಯ ತರಗತಿಯವರು ಬರೆಯುತ್ತಿದ್ದಾರೆ.